ಮರಳಿಬಂದ ಚೆಕ್ಕೂ ಸೆರೆಮನೆಯ ಭ್ರಮೆಯೂ

ಕೊಟ್ಟ ಹಣಕ್ಕೆ ಪ್ರತಿಯಾಗಿ ಪಡೆದ ಚೆಕ್ಕು, ಖಾತೆಯಲ್ಲಿ ಸಾಕಷ್ಟು ಹಣವಿಲ್ಲವೆಂಬ ಷರಾ ಹೊತ್ತು ಬ್ಯಾಂಕಿನಿಂದ ಹಿಂದಿರುಗಿದಾಗ, ಮಾರುಕಟ್ಟೆಯ ದಲಾಲರಿಂದ ಹಿಡಿದು ಸಹಕಾರ ಸಂಘದ ಕಾರ್ಯದರ್ಶಿಯವರೆಗೆ, ನೆರೆಮನೆಯ ನಿವೃತ್ತ ಗುಮಾಸ್ತರಿಂದ ಹಿಡಿದು ಕೋರ್ಟಿನ ಪಡಸಾಲೆಯಲ್ಲಿ ಕರಿಕೋಟು ಧರಿಸಿ ನಿಂತ ವಕೀಲರವರೆಗೆ, ಯಾರನ್ನು ಕೇಳಿದರೂ ದೊರೆಯುವ ಉಪದೇಶ ಒಂದೇ: "138 ಹಾಕಿಬಿಡಿ ಸ್ವಾಮಿ, ಜೈಲಿನ ಭಯಕ್ಕೆ ದುಡ್ಡು ತಾನಾಗಿ ಬರುತ್ತದೆ." ಹೇಳುವವರಿಗೆ ಸಂದೇಹವಿಲ್ಲ, ಕೇಳುವವರಿಗೆ ಪ್ರಶ್ನೆಯಿಲ್ಲ. ಚೆಕ್ಕಿನ ಸಾಲಕ್ಕೆ ಸೆರೆಮನೆಯೇ ಪರಮೌಷಧವೆಂಬ ಈ ನಂಬಿಕೆ ನಮ್ಮ ವ್ಯವಹಾರಲೋಕದಲ್ಲಿ ಇಂದು ಸಿದ್ಧಾಂತದ ಪದವಿಯನ್ನೇರಿ ಕುಳಿತಿದೆ. ಪ್ರಾಮಾಣಿಕನಾದ ಧನಿಯನ್ನು ವಂಚಿಸುತ್ತ, ದರಿದ್ರನಾದ ಸಾಲಗಾರನನ್ನು ಪೀಡಿಸುತ್ತ, ಎರಡು ಪಕ್ಷಗಳಲ್ಲಿಯೂ ಇರುವ ಧೂರ್ತರನ್ನು ಮಾತ್ರ ಪೋಷಿಸುತ್ತ ಬಂದಿರುವ ಸಿದ್ಧಾಂತವಿದು. ಇದನ್ನು ಇನ್ನು ಮೌನವಾಗಿ ಒಪ್ಪಿಕೊಂಡಿರುವುದು ಸಾಧುವಲ್ಲ.

1881ರಲ್ಲಿ ಜನ್ಮವೆತ್ತಿದ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯು ನೂರು ವರ್ಷಕ್ಕೂ ಮಿಕ್ಕಿ ಚೆಕ್ಕನ್ನು ಹುಂಡಿ ಪ್ರಾಮಿಸರಿ ನೋಟುಗಳ ಪಂಕ್ತಿಯಲ್ಲಿಯೇ ಕುಳ್ಳಿರಿಸಿತ್ತು. ಹಣ ಬಾರದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವುದು ಆಗಿನ ಕ್ರಮ. 1988ರ ತಿದ್ದುಪಡಿಯಿಂದ 138ನೆಯ ಪ್ರಕರಣ ಸೇರಿ, 1989ರ ಏಪ್ರಿಲ್ 1ರಿಂದ ಚೆಕ್ಕು ಮರಳುವುದು ಒಂದು ವರ್ಷದವರೆಗಿನ ಸೆರೆವಾಸಕ್ಕೆ ಯೋಗ್ಯವಾದ ಅಪರಾಧವಾಯಿತು. ಅದರಿಂದ ಫಲ ಕಾಣದಿರಲು 2002ರಲ್ಲಿ ಒಂದು ವರ್ಷ ಎರಡಾಯಿತು. ದೂರು ಕೊಟ್ಟ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಯತ್ನಿಸತಕ್ಕದ್ದೆಂಬ ಸದಾಶಯವೂ ಅದೇ ತಿದ್ದುಪಡಿಯಲ್ಲಿ 143ನೆಯ ಪ್ರಕರಣದ ರೂಪದಲ್ಲಿ ಅಚ್ಚಾಯಿತು. ಅದೂ ಫಲಿಸದಿರಲು 2018ರಲ್ಲಿ ಮಧ್ಯಂತರ ಪರಿಹಾರವೆಂಬ ಇನ್ನೊಂದು ತೇಪೆ ಬಿದ್ದಿತು. ಪ್ರತಿ ಸಲವೂ ರೋಗ ವಾಸಿಯಾಗದಿದ್ದಾಗ ನಮ್ಮ ಶಾಸನಕರ್ತರಿಗೆ ಹೊಳೆದದ್ದು ಅದೇ ಮದ್ದಿನ ಪ್ರಮಾಣವನ್ನು ಹೆಚ್ಚಿಸುವ ಉಪಾಯವೇ ಹೊರತು ಮದ್ದೇ ತಪ್ಪಿರಬಹುದೆಂಬ ಶಂಕೆಯಲ್ಲ.

ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. 2008ರಲ್ಲಿ ಸಲ್ಲಿಸಿದ ತನ್ನ 213ನೆಯ ವರದಿಯಲ್ಲಿ ಭಾರತದ ಕಾನೂನು ಆಯೋಗವು ದೇಶದ ನ್ಯಾಯಾಲಯಗಳಲ್ಲಿ 38 ಲಕ್ಷಕ್ಕೂ ಹೆಚ್ಚು ಚೆಕ್ಕಿನ ಮೊಕದ್ದಮೆಗಳು ಕೊಳೆಯುತ್ತಿರುವುದನ್ನು ನಮೂದಿಸಿ, ಒಂದು ಖಾಸಗಿ ದೂರವಾಣಿ ಕಂಪನಿಯು ಬೆಂಗಳೂರಿನ ನ್ಯಾಯಾಲಯದಲ್ಲಿ ಒಂದೇ ದಿನ 73,000 ದೂರುಗಳನ್ನು ದಾಖಲು ಮಾಡಿದ ಸಂಗತಿಯನ್ನೂ ಉಲ್ಲೇಖಿಸಿತು. ಒಂದು ದಿನಕ್ಕೆ ಎಪ್ಪತ್ತಮೂರು ಸಾವಿರ! ಇದನ್ನು ನ್ಯಾಯಾರ್ಜನೆಯೆನ್ನಬೇಕೆ, ದೂರವಾಣಿಯ ಬಿಲ್ಲು ವಸೂಲಿಗಾಗಿ ಸರ್ಕಾರದ ಖರ್ಚಿನಲ್ಲಿ ನಡೆಸಿದ ಕಛೇರಿಯೆನ್ನಬೇಕೆ? ಹನ್ನೊಂದು ವರ್ಷ ಕಳೆದು 2019ರ ಡಿಸೆಂಬರ್ 31ರಂದು ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳ ಪೈಕಿ 35.16 ಲಕ್ಷ ಪ್ರಕರಣಗಳು ಚೆಕ್ಕಿನವೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ 2021ರ ಏಪ್ರಿಲ್‌ನಲ್ಲಿ ಖೇದದಿಂದ ಗಮನಿಸಿತು. ಸುಲಿಗೆ ಕಳವುಗಳ ವಿಚಾರಣೆಗೆಂದು ಇರುವ ಮ್ಯಾಜಿಸ್ಟ್ರೇಟರ ಮುಂದೆ ಕೈಗಡದ ಲೆಕ್ಕಗಳ ಬೆಟ್ಟ ಬೆಳೆದು ನಿಂತಿದೆ. ಆರು ತಿಂಗಳ ಆಶ್ವಾಸನೆ ಕಾಯಿದೆಯ ಪುಟದಲ್ಲಿಯೇ ವಿಶ್ರಾಂತಿ ಪಡೆಯುತ್ತಿದೆ.

ಈ ಮಾರ್ಗದಲ್ಲಿ ನಡೆಯುವ ಒಬ್ಬ ಸಾಮಾನ್ಯನನ್ನು ಕಲ್ಪಿಸಿಕೊಳ್ಳೋಣ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ರೈತನೊಬ್ಬನಿಗೆ ಐದು ಲಕ್ಷ ರೂಪಾಯಿಯ ಚೆಕ್ಕು ಕೈಸೇರಿ, ಅದು ಮರಳಿತೆಂದು ಇಟ್ಟುಕೊಳ್ಳಿ. 2012ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಲಿಖಿತ ನೋಟೀಸು ಹೋಗಬೇಕು. ಅದು ಮುಟ್ಟಿದ ಮೇಲೆ 15 ದಿನ ಕಾಯಬೇಕು. ಆ ಗಡುವು ಮುಗಿದ ಒಂದು ತಿಂಗಳೊಳಗೆ ದೂರು ಸಲ್ಲಬೇಕು. ದೂರು ತಡವಾದರೆ ಸಕಾರಣ ತೋರಿಸಿ ಕ್ಷಮೆ ಪಡೆಯಬಹುದು. ನೋಟೀಸು ಒಂದು ದಿನ ತಡವಾದರೆ ಕ್ಷಮೆಯೆಂಬುದಿಲ್ಲ. ಚೆಕ್ಕಿನ ಆಯುಷ್ಯ ಉಳಿದಿದ್ದರೆ ಅದನ್ನು ಪುನಃ ಬ್ಯಾಂಕಿಗೆ ಹಾಕಿ ಹೊಸ ಮೆಮೊ ಪಡೆಯಬೇಕು, ಇಲ್ಲದಿದ್ದರೆ ದೂರಿನ ಆಸೆಯನ್ನೇ ಬಿಡಬೇಕು. ನೋಟೀಸಿನಲ್ಲಿ ಕೇಳಿದ ಮೊತ್ತವೂ ಚೆಕ್ಕಿನ ಮೊತ್ತವೂ ತಾಳೆಯಾಗದಿದ್ದರೆ, ಅದು ಬೆರಳಚ್ಚಿನ ದೋಷವೇ ಆಗಿರಲಿ, ದೂರು ನಿಲ್ಲದೆಂದು 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಸೆರೆವಾಸ ವಿಧಿಸುವ ಕಾನೂನು ಅಕ್ಷರಶಃ ಪಾಲಿತವಾಗಬೇಕಾದದ್ದು ಯುಕ್ತವೇ. ಆದರೆ ಮೆಣಸಿನಕಾಯಿಯ ಹಣ ಕೇಳಲು ಬಂದ ರೈತನನ್ನು ಈ ಕೂದಲೆಳೆಯ ಸೇತುವೆಯ ಮೇಲೆ ನಡೆಸಿದವರು ಯಾರು? ದಾವೆಗೆ ಈ ಮೂವತ್ತು ಹದಿನೈದುಗಳ ಗಂಡಾಂತರ ಒಂದೂ ಇಲ್ಲವೆಂದು ಅವನಿಗೆ ಯಾರಾದರೂ ಹೇಳಿದರೆ?

ದೂರು ಖಾಸಗಿ ದೂರುಗಳ ವಹಿಯ ಪಿ.ಸಿ.ಆರ್. ಸಂಖ್ಯೆ ಪಡೆದು, ಪ್ರಮಾಣಪತ್ರ ಸಲ್ಲಿಕೆಯಾಗಿ, ಕ್ರಿಮಿನಲ್ ಮೊಕದ್ದಮೆಯ ಸಿ.ಸಿ. ಸಂಖ್ಯೆಗೆ ಬಡ್ತಿ ಹೊಂದಿ, ಸಮನ್ಸು ಹೊರಟು, "ವಿಳಾಸದಲ್ಲಿ ಇಲ್ಲ" ಎಂದು ಹಿಂದಿರುಗಿ, ವಾರಂಟು ಹೊರಟು, ಅದೂ ಹಿಂದಿರುಗಿ, ಆರೋಪಿ ಒಂದು ದಿನ ಹಸನ್ಮುಖನಾಗಿ ಜಾಮೀನು ಪಡೆದು, ಅನಂತರ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರುವಾಗ, ಸದ್ದಿಲ್ಲದೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಸಾಲದ ಹಣಕ್ಕೆ ದಾವೆ ಹೂಡಲು ಕಾಲಮಿತಿ ಕಾಯಿದೆ ಸಾಮಾನ್ಯವಾಗಿ ಕೊಟ್ಟಿರುವ ಅವಧಿ ಮೂರು ವರ್ಷ. ಮ್ಯಾಜಿಸ್ಟ್ರೇಟರ ಮುಂದೆ ದೂರು ನಡೆಯುತ್ತಿದೆಯೆಂಬ ಕಾರಣಕ್ಕೆ ಈ ಅವಧಿ ಒಂದು ದಿನವೂ ನಿಂತು ಕಾಯುವುದಿಲ್ಲ. ನಾಲ್ಕನೆಯ ವರ್ಷದಲ್ಲಿಯೋ ಐದನೆಯ ವರ್ಷದಲ್ಲಿಯೋ ನೋಟೀಸಿನ ದೋಷಕ್ಕಾಗಿ ಆರೋಪಿಯ ಬಿಡುಗಡೆಯಾದಾಗ, ಫಿರ್ಯಾದಿಯ ಕೈಯಲ್ಲಿ ಕ್ರಿಮಿನಲ್ ತೀರ್ಪೂ ಇಲ್ಲ, ಸಿವಿಲ್ ಹಕ್ಕೂ ಇಲ್ಲ. ಸಾಲವು ಸತ್ಯವಾಗಿತ್ತು, ಚೆಕ್ಕು ಸತ್ಯವಾಗಿತ್ತು, ಉಪದೇಶವೊಂದು ಸುಳ್ಳಾಗಿತ್ತು. "138 ಹಾಕಿಬಿಡಿ" ಎಂದವರಲ್ಲಿ ಎಷ್ಟು ಜನ ಆ ಮೂರು ವರ್ಷದ ಮಾತನ್ನೂ ಜೊತೆಗೆ ಹೇಳಿದರು? ಎರಡು ಮಾರ್ಗಗಳನ್ನೂ ಏಕಕಾಲದಲ್ಲಿ ಹಿಡಿಯಲು ಕಾನೂನಿನ ಅಡ್ಡಿ ಏನೂ ಇಲ್ಲ. ಒಂದರಲ್ಲಿ ಬಂದ ಹಣವನ್ನು ಇನ್ನೊಂದರಲ್ಲಿ ವಜಾ ಮಾಡಿಕೊಂಡರಾಯಿತು. ಈ ಸರಳ ಸಂಗತಿಯನ್ನು ಕಕ್ಷಿದಾರನಿಂದ ಮರೆಮಾಡುವುದು ಅಜ್ಞಾನವಾದರೆ ಕ್ಷಮ್ಯವಲ್ಲ, ಸೋಮಾರಿತನವಾದರೆ ಕರ್ತವ್ಯಲೋಪ.

ಗೆದ್ದವನ ಪಾಡಾದರೂ ಏನು? ಚೆಕ್ಕಿನ ಮೊತ್ತದ ಎರಡರಷ್ಟು ದಂಡ ವಿಧಿಸಬಹುದೆಂದು ಕಾಯಿದೆ ಹೇಳುತ್ತದೆಂಬುದು ನಿಜ. ದಂಡವೆಂಬುದು ಸ್ವಭಾವತಃ ಸರ್ಕಾರದ ಬೊಕ್ಕಸಕ್ಕೆ ಸೇರತಕ್ಕದ್ದು. ಅದರಲ್ಲಿ ಫಿರ್ಯಾದಿಗೆ ಪರಿಹಾರ ಕೊಡಿಸುವುದು ನ್ಯಾಯಾಧೀಶರ ವಿವೇಚನೆ. ವರ್ಷಕ್ಕೆ ನೂರಕ್ಕೆ 9ರ ಸರಳ ಬಡ್ಡಿಯನ್ನಾದರೂ ಲೆಕ್ಕಕ್ಕೆ ಹಿಡಿದು ಏಕರೂಪವಾಗಿ ಪರಿಹಾರ ಕೊಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಬುದ್ಧಿ ಹೇಳಿತು. ಮಧ್ಯಂತರ ಪರಿಹಾರದ ಗರಿಷ್ಠ ಮಿತಿ ಚೆಕ್ಕಿನ ಮೊತ್ತದ ಶೇಕಡ 20. ಅದೂ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು, ಹಕ್ಕಲ್ಲವೆಂದು 2024ರಲ್ಲಿ ಸ್ಪಷ್ಟವಾಯಿತು. ಶಿಕ್ಷೆಯಾದವನು ಮೇಲ್ಮನವಿಗೆ ಹೋದರೆ ಸಾಮಾನ್ಯವಾಗಿ ದಂಡ ಅಥವಾ ಪರಿಹಾರದ ಕನಿಷ್ಠ ಶೇಕಡ 20ನ್ನು ಠೇವಣಿಯಿಡಬೇಕು, ಉಳಿದ ಎಂಬತ್ತು ಅವನ ವ್ಯಾಪಾರದಲ್ಲಿ ದುಡಿಯುತ್ತಿರುತ್ತದೆ. ಕಟ್ಟಕಡೆಗೆ ದಂಡ ವಸೂಲಿಯ ವಾರಂಟು ಜಿಲ್ಲಾಧಿಕಾರಿಗಳ ಕಛೇರಿಗೆ ಹೋಗಿ ಭೂಕಂದಾಯದ ಬಾಕಿಯ ಕಡತಗಳೊಡನೆ ಮಲಗಿದರೆ, ಅದನ್ನು ಎಬ್ಬಿಸಲು ಫಿರ್ಯಾದಿ ಇನ್ನೊಮ್ಮೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಐದು ವರ್ಷ ಬಡ್ಡಿಯಿಲ್ಲದ ಸಾಲವನ್ನು ಯಾವ ಬ್ಯಾಂಕು ಕೊಡುತ್ತದೆ? ನಮ್ಮ ಚೆಕ್ಕಿನ ಕಾನೂನು ಕೊಡುತ್ತದೆ. ಅದರ ಮರ್ಮವನ್ನು ಬಲ್ಲ ಚತುರನಿಗೆ ಮಾತ್ರ.

ಈಗ ಆ ಭಯದ ಪ್ರಶ್ನೆಗೆ ಬರೋಣ. ಸೆರೆಮನೆಗೆ ಹೆದರುವವರು ಯಾರು? ಮಾನವಂತನಾದ ಶಾಲಾಮಾಸ್ತರು ಹೆದರುತ್ತಾನೆ. ಮಗಳ ಮದುವೆಗೆ ಸಾಲ ಮಾಡಿದ ಆಟೋ ಚಾಲಕ ಹೆದರುತ್ತಾನೆ. ಪೊಲೀಸರು ಮನೆಯ ಬಾಗಿಲಿಗೆ ಬಂದರೆಂದು ನೆರೆಯವರು ಆಡಿಕೊಳ್ಳುವುದಕ್ಕೆ ಅಂಜಿ ತಾಳಿಯನ್ನು ಅಡವಿಡುವ ಗೃಹಿಣಿ ಹೆದರುತ್ತಾಳೆ. ಮೂರು ಕಂಪನಿಗಳ ಹೆಸರಿನಲ್ಲಿ ಹದಿಮೂರು ಖಾತೆ ತೆರೆದು, ಮೊಕದ್ದಮೆಗಳಿಗೆಂದೇ ಒಬ್ಬ ವಕೀಲನನ್ನು ತಿಂಗಳ ಸಂಬಳಕ್ಕೆ ಇಟ್ಟುಕೊಂಡವನು ಹೆದರುವುದಿಲ್ಲ. ಅಪರಾಧವು ರಾಜಿಯೋಗ್ಯವೆಂದು 147ನೆಯ ಪ್ರಕರಣ ಹೇಳುವುದನ್ನು ಅವನು ಬಲ್ಲ. ಕೊನೆಯ ಮೆಟ್ಟಿಲಲ್ಲಿ ನಿಂತು ಅಸಲನ್ನು ಮುಂದಿಟ್ಟರೆ, ದಣಿದ ಫಿರ್ಯಾದಿ ಬಡ್ಡಿಯನ್ನು ಬಿಟ್ಟು ಕೈಮುಗಿದು ಹೋಗುವನೆಂಬುದನ್ನೂ ಬಲ್ಲ. ಹೆದರಬೇಕಾದವನನ್ನು ಬಿಟ್ಟು ಹೆದರಬಾರದವನನ್ನು ಹೆದರಿಸುವ ಕಾನೂನನ್ನು ಪರಿಣಾಮಕಾರಿಯೆಂದು ಹೊಗಳುವ ಧೈರ್ಯ ನಮಗೆ ಎಲ್ಲಿಂದ ಬಂತು?

ಇದರಲ್ಲಿ ಇನ್ನೂ ಗಹನವಾದ ಅನ್ಯಾಯವೊಂದು ಅಡಗಿದೆ. ಸಿವಿಲ್ ಡಿಕ್ರಿಯ ಹಣ ಕೊಡದ ಸಾಲಗಾರನನ್ನು ಸೆರೆಗೆ ಕಳುಹಿಸಬೇಕಾದರೆ, ಅವನಲ್ಲಿ ಹಣವಿದ್ದೂ ದುರ್ಬುದ್ಧಿಯಿಂದ ಕೊಡಲಿಲ್ಲವೆಂಬುದನ್ನು ಸ್ಥಾಪಿಸಬೇಕು. ಒಪ್ಪಂದದ ಹಣ ಕೊಡಲಾಗದ ಮಾತ್ರಕ್ಕೆ ಯಾರನ್ನೂ ಬಂಧಿಸಬಾರದೆಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು 1979ರಲ್ಲಿ ಸೇರಿತು. ಅದನ್ನು ಆಧರಿಸಿ 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬಡತನವು ಅಪರಾಧವಲ್ಲವೆಂಬ ತತ್ತ್ವವನ್ನು ಎತ್ತಿಹಿಡಿದರು. ಎಂಟೇ ವರ್ಷದಲ್ಲಿ ಬಂದ ತಿದ್ದುಪಡಿಯು ಅದೇ ಸಾಲ, ಅದೇ ಸಾಲಗಾರ, ಅದೇ ದಾರಿದ್ರ್ಯಕ್ಕೆ ಒಂದು ಚೆಕ್ಕಿನ ಹಾಳೆಯನ್ನು ಅಂಟಿಸಿ, ಹಣ ಕೊಡುವ ಶಕ್ತಿಯಿತ್ತೆ ಎಂದು ಕೇಳುವ ಅಗತ್ಯವನ್ನೇ ತೆಗೆದುಹಾಕಿತು. ಚೆಕ್ಕು ಮರಳಬಹುದೆಂದು ತನಗೆ ತಿಳಿದಿರಲಿಲ್ಲವೆಂಬ ಸಮಜಾಯಿಷಿಯೂ ಸಲ್ಲದೆಂದು 140ನೆಯ ಪ್ರಕರಣ ಸಾರುತ್ತದೆ. ಸಿವಿಲ್ ನ್ಯಾಯಾಲಯದ ಬಾಗಿಲಲ್ಲಿ ಮಾನವೀಯವಾಗಿರುವ ಕಾನೂನು ಪಕ್ಕದ ಕೊಠಡಿಯಲ್ಲಿ ಏಕೆ ನಿರ್ದಯವಾಗಬೇಕು?

ಈ ನಿರ್ದಯತೆಯ ಫಲಾನುಭವಿಗಳನ್ನು ನಾವು ಕಾಣೆವೆ? ಯು.ಪಿ.ಐ. ಮನೆಮನೆಗೆ ಬಂದ ಮೇಲೆ ತರಕಾರಿಯ ಗಾಡಿಯವರೂ ಚೆಕ್ಕನ್ನು ಕಾಣದ ಈ ದಿನಗಳಲ್ಲಿ, ಸಾಮಾನ್ಯರ ನಡುವೆ ಚೆಕ್ಕು ಉಳಿದಿರುವುದು ಬಹುಮಟ್ಟಿಗೆ ಒತ್ತೆಯ ವಸ್ತುವಾಗಿ. ಮೀಟರ್ ಬಡ್ಡಿಯ ವ್ಯಾಪಾರಿ ಐವತ್ತು ಸಾವಿರ ಕೊಡುವಾಗ ಸಹಿ ಮಾಡಿದ ಖಾಲಿ ಚೆಕ್ಕುಗಳನ್ನು ಬರೆಸಿಕೊಳ್ಳುತ್ತಾನೆ. ಮನಸ್ಸು ಬಂದಾಗ ಐದು ಲಕ್ಷವೆಂದು ತುಂಬುತ್ತಾನೆ. ಸಹಿ ಒಪ್ಪಿಕೊಂಡ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಸಾಲವಿತ್ತೆಂಬ ಪೂರ್ವಭಾವನೆ ಅನ್ವಯಿಸುತ್ತದೆಂದು 2019ರಲ್ಲಿ ತೀರ್ಪಾಗಿದೆ. 2004ರಲ್ಲಿ ವಿಪರೀತ ಬಡ್ಡಿಯ ನಿಷೇಧಕ್ಕೆ ಕಾಯಿದೆ ಮಾಡಿದ ನಮ್ಮ ರಾಜ್ಯವು, 2025ರಲ್ಲಿ ಕಿರುಸಾಲದವರ ಬಲಾತ್ಕಾರವನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಗಿ ಬಂತು. ಮನೆಯ ಮುಂದೆ ನಿಂತು ಗದರಿಸುವ ಬಲಾತ್ಕಾರ ನಿಷಿದ್ಧ. ನ್ಯಾಯಾಲಯದ ಮೊಹರಿನಿಂದ ಗದರಿಸುವುದು ಮಾತ್ರ ಶಾಸ್ತ್ರಸಮ್ಮತ! ಅತ್ತ ನಿಜವಾಗಿ ಕೈಗಡ ಕೊಟ್ಟ ಸಜ್ಜನನು ಸಾಕ್ಷಿಕಟ್ಟೆಯೇರಿದಾಗ, ಅಷ್ಟು ಹಣ ನಿನ್ನಲ್ಲಿ ಎಲ್ಲಿತ್ತೆಂಬ ಪಾಟೀಸವಾಲಿಗೆ ತಡವರಿಸುತ್ತಾನೆ. ಆ ಪ್ರಶ್ನೆ ಎದ್ದಮೇಲೆ ತನ್ನ ಆರ್ಥಿಕ ಶಕ್ತಿಯನ್ನು ಫಿರ್ಯಾದಿಯೇ ರುಜುವಾತುಪಡಿಸಬೇಕೆಂದು ಅದೇ 2019ರಲ್ಲಿ, ನಮ್ಮ ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿಯೇ, ನಿರ್ಣಯವಾಗಿದೆ.

ಇಷ್ಟೆಲ್ಲ ನಡೆಯುತ್ತಿರುವಾಗ ಸಿವಿಲ್ ಕಾನೂನು ಬರಿಗೈಯಲ್ಲಿ ನಿಂತಿತ್ತೆ? ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೆಯ ಆದೇಶವು ಹುಂಡಿ, ನೋಟು, ಚೆಕ್ಕುಗಳ ಹಣಕ್ಕೆಂದೇ ಸಂಕ್ಷಿಪ್ತ ದಾವೆಯ ಕ್ರಮವನ್ನು ವಿಧಿಸಿದೆ. ಅಲ್ಲಿ ಪ್ರತಿವಾದಿಗೆ ವಾದಿಸುವ ಹಕ್ಕು ತಾನಾಗಿ ಬರುವುದಿಲ್ಲ: ಹತ್ತು ದಿನದೊಳಗೆ ಹಾಜರಾಗಬೇಕು, ತನ್ನಲ್ಲಿ ಹುರುಳುಳ್ಳ ತಕರಾರು ಉಂಟೆಂದು ಪ್ರಮಾಣಪತ್ರದಿಂದ ತೋರಿಸಿ ಅನುಮತಿ ಬೇಡಬೇಕು; ತಕರಾರು ಪೊಳ್ಳೆಂದು ಕಂಡರೆ ಆ ಕ್ಷಣವೇ ಡಿಕ್ರಿ, ಸಂದೇಹಾಸ್ಪದವೆಂದು ಕಂಡರೆ ಪೂರ್ಣ ಮೊತ್ತವನ್ನು ಠೇವಣಿಯಿಡುವ ಷರತ್ತು. ಪೂರ್ಣ ಮೊತ್ತವೆಲ್ಲಿ, ಮ್ಯಾಜಿಸ್ಟ್ರೇಟರ ಶೇಕಡ ಇಪ್ಪತ್ತೆಲ್ಲಿ! ಆಸ್ತಿಯನ್ನು ಪರಭಾರೆ ಮಾಡಿ ಕೈತೊಳೆದುಕೊಳ್ಳುವ ಹವಣಿಕೆ ಕಂಡರೆ 38ನೆಯ ಆದೇಶದಂತೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳಬಹುದು. ಎಲ್ಲರೂ 138ನ್ನು ಮಂತ್ರದಂತೆ ಜಪಿಸುವ ಆ 1881ರ ಕಾಯಿದೆಯ ಒಳಗೇ, ಬಡ್ಡಿಯ ದರ ನಮೂದಾಗದ ಲಿಖಿತಕ್ಕೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿಯನ್ನು ವಿಧಿಸುವ 80ನೆಯ ಪ್ರಕರಣವೂ, ಚೆಕ್ಕು ಪ್ರತಿಫಲಕ್ಕಾಗಿಯೇ ಕೊಟ್ಟದ್ದೆಂದು ಭಾವಿಸತಕ್ಕ 118ನೆಯ ಪ್ರಕರಣವೂ ಕುಳಿತಿವೆ. ಅವುಗಳ ಕಡೆ ತಿರುಗಿ ನೋಡುವವರು ವಿರಳ. ನೋಂದಾಯಿತ ಸಣ್ಣ ಉದ್ದಿಮೆದಾರನಿಗೆ 2006ರ ಕಾಯಿದೆಯು ಸರಕು ಕೊಂಡವರಿಂದ 45 ದಿನ ಮೀರಿದ ಬಾಕಿಗೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿಯನ್ನೂ, ತೀರ್ಪನ್ನು ಪ್ರಶ್ನಿಸುವ ಕೊಳ್ಳುಗನು ಶೇಕಡ 75ನ್ನು ಮುಂಗಡವಾಗಿ ಕಟ್ಟಬೇಕೆಂಬ ರಕ್ಷಣೆಯನ್ನೂ ಕೊಟ್ಟಿದೆ. ಚೆಕ್ಕಿನ ದೂರಿನಲ್ಲಿಯೇ ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಆ ತೀರ್ಮಾನವನ್ನು ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಮಾಡಬಹುದೆಂದು 2011ರಲ್ಲಿ ಇತ್ಯರ್ಥವಾಗಿದೆ. ಇವೆಲ್ಲವೂ ಇದ್ದು ಇಲ್ಲದಂತಾಗಿರುವುದಕ್ಕೆ ಕಾರಣ ಜೈಲೆಂಬ ಎರಡಕ್ಷರದ ಮೋಹ.

"ಸಿವಿಲ್ ದಾವೆಯೆ? ಅದು ಮೊಮ್ಮಕ್ಕಳ ಕಾಲಕ್ಕೆ ಮುಗಿಯುವಂಥದು" ಎಂಬ ಕುಹಕವನ್ನು ಬಲ್ಲೆ. ಅದರಲ್ಲಿ ಸತ್ಯಾಂಶವಿದ್ದರೆ, ಆ ಸತ್ಯವು ದಂಡಿಸುವುದು ಸರ್ಕಾರವನ್ನು. ದಾವೆ ಹೂಡುವವನಿಂದ ಮೊತ್ತಕ್ಕೆ ತಕ್ಕ ಕೋರ್ಟು ಶುಲ್ಕವನ್ನು ಮೊದಲೇ ಕಿತ್ತುಕೊಂಡು, ದೂರು ಕೊಡುವವನನ್ನು ಬಿಡಿಗಾಸಿಗೆ ಒಳಗೆ ಬಿಟ್ಟು, ಆಮೇಲೆ ಜನರೆಲ್ಲ ಕ್ರಿಮಿನಲ್ ಕೋರ್ಟಿಗೇ ನುಗ್ಗುತ್ತಾರೆಂದು ಹಲುಬುವ ರಾಜ್ಯಕ್ಕೆ ಏನೆನ್ನೋಣ? ಬೆಂಗಳೂರಿನ ಮೇಯೋ ಹಾಲಿನ ಕಟ್ಟಡದಲ್ಲಿ ಸಣ್ಣ ಸಾಲಗಳ ಸಿವಿಲ್ ವಿಚಾರಣೆಗೆಂದು ಹುಟ್ಟಿದ ಲಘುವ್ಯವಹಾರ ನ್ಯಾಯಾಲಯದ ನ್ಯಾಯಾಧೀಶರೇ ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಹೊತ್ತು ಚೆಕ್ಕಿನ ಅಪರಾಧಗಳನ್ನು ವಿಚಾರಿಸುತ್ತಾರೆ. ನ್ಯಾಯಾಧೀಶರು ಅವರೇ, ಕೊಠಡಿ ಅದೇ, ಸಾಲವೂ ಅದೇ. ವಾದಿಯನ್ನು ಫಿರ್ಯಾದಿಯನ್ನಾಗಿಯೂ ಪ್ರತಿವಾದಿಯನ್ನು ಆರೋಪಿಯನ್ನಾಗಿಯೂ ಮಾರ್ಪಡಿಸಿದ ಮಾತ್ರಕ್ಕೆ ಶೀಘ್ರತೆ ಹುಟ್ಟುತ್ತದೆಂದು ನಂಬಿದ ನಮ್ಮ ಮುಗ್ಧತೆ ಮೆಚ್ಚತಕ್ಕದ್ದು. ಸಿವಿಲ್ ಡಿಕ್ರಿಗಳ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಪ್ಪಣೆ ಮಾಡಿದೆ. ಅದನ್ನು ನೆರವೇರಿಸಲು ಬೇಕಾದ ಅಮೀನರನ್ನೂ ಗುಮಾಸ್ತರನ್ನೂ ನ್ಯಾಯಾಧೀಶರನ್ನೂ ನೇಮಿಸುವುದು ಕಷ್ಟ. ಶಿಕ್ಷೆಯ ವರ್ಷಗಳನ್ನು ಒಂದರಿಂದ ಎರಡಕ್ಕೆ ಏರಿಸುವುದು ಸುಲಭ. ಸರ್ಕಾರ ಸುಲಭವಾದದ್ದನ್ನು ಆರಿಸಿಕೊಂಡಿತು. 2020ರ ಜೂನ್‌ನಲ್ಲಿ ಹಣಕಾಸು ಸಚಿವಾಲಯವು ಈ ಅಪರಾಧವನ್ನು ರದ್ದುಪಡಿಸುವ ಪ್ರಸ್ತಾಪವನ್ನು ಮುಂದಿಟ್ಟಾಗ, ಜೈಲಿಲ್ಲದಿದ್ದರೆ ಯಾರೂ ಹಣ ಕೊಡರೆಂದು ವರ್ತಕವರ್ಗ ಬೊಬ್ಬಿಟ್ಟಿತು, ಪ್ರಸ್ತಾಪ ಮುಂದೆ ಸಾಗಲಿಲ್ಲ. ಚರ್ಚೆಯೆಲ್ಲ ಜೈಲು ಬೇಕೆ ಬೇಡವೆ ಎಂಬುದರ ಸುತ್ತ ತಿರುಗಿತು. ಹಣ ಬರುವ ಮಾರ್ಗವನ್ನು ರಿಪೇರಿ ಮಾಡೋಣವೆಂಬ ಮಾತಿಗೆ ಆ ಗದ್ದಲದಲ್ಲಿ ಎಡೆಯಿರಲಿಲ್ಲ.

ಆಗಬೇಕಾದದ್ದೇನೆಂಬುದು ಅಸ್ಪಷ್ಟವಾಗಿಲ್ಲ. ರಾಜ್ಯದ ಶಾಸನಸಭೆಯು 1958ರ ಕೋರ್ಟು ಶುಲ್ಕದ ಕಾಯಿದೆಯನ್ನು ತಿದ್ದಿ, ಮರಳಿದ ಚೆಕ್ಕಿನ ಮೇಲಿನ ಸಂಕ್ಷಿಪ್ತ ದಾವೆಗೆ ಶುಲ್ಕವನ್ನು ನಾಮಮಾತ್ರಕ್ಕೆ ಇಳಿಸಲಿ. ಆ ದಾವೆಗಳಿಗೆಂದೇ ಪ್ರತಿ ಜಿಲ್ಲೆಯಲ್ಲಿಯೂ ನ್ಯಾಯಾಧೀಶರನ್ನು ಗೊತ್ತುಮಾಡಲಿ. ಸಂಸತ್ತು 138ನ್ನು ತಿದ್ದಿ, ಹಣವಿದ್ದೂ ಮೋಸದಿಂದ ಚೆಕ್ಕು ಕೊಟ್ಟವನಿಗೆ ಮಾತ್ರ ಸೆರೆಯನ್ನು ಮೀಸಲಿಡಲಿ. ಮೂಟೆಗಟ್ಟಲೆ ದೂರು ತರುವ ಕಂಪನಿಗಳನ್ನು ಸಿವಿಲ್ ಮಾರ್ಗಕ್ಕೆ ಅಟ್ಟಲಿ. ಅದಾಗುವವರೆಗೆ ಮ್ಯಾಜಿಸ್ಟ್ರೇಟರು ಮಧ್ಯಂತರ ಪರಿಹಾರದ ಅರ್ಜಿಯನ್ನು ವಾಯಿದೆಯ ಗೂಡಿಗೆ ಸೇರಿಸದೆ ಕಾರಣಸಹಿತ ಆಜ್ಞೆ ಮಾಡಲಿ. ವಕೀಲರು ನೋಟೀಸು ಬರೆಯುವ ದಿನವೇ ದಾವೆಯ ಕಾಲಮಿತಿಯನ್ನು ಕಕ್ಷಿದಾರನ ಕೈಯಲ್ಲಿ ಬರೆದುಕೊಡಲಿ. ಬರೆದುಕೊಡದವರನ್ನು ಕಕ್ಷಿದಾರರು ಬಿಡಲಿ.

ಓದುಗರಲ್ಲಿ ಮರಳಿದ ಚೆಕ್ಕನ್ನು ಕಪಾಟಿನಲ್ಲಿಟ್ಟು, ಮ್ಯಾಜಿಸ್ಟ್ರೇಟರ ಮುಂದಿನ ವಾಯಿದೆಯ ದಾರಿ ಕಾಯುತ್ತಿರುವವರು ಇದ್ದರೆ, ಸಾಲ ಕೊಟ್ಟ ತಾರೀಖು ಯಾವುದೆಂದು ಈ ಹೊತ್ತೇ ಕಾಗದ ತೆಗೆದು ನೋಡಿರಿ. ಮೂರು ವರ್ಷ ತುಂಬಿಲ್ಲವಾದರೆ, ಕ್ರಿಮಿನಲ್ ದೂರು ಎಲ್ಲಿಯೇ ನಿಂತಿರಲಿ, ಈ ವಾರವೇ ಸಂಕ್ಷಿಪ್ತ ದಾವೆಯನ್ನು ಹೂಡಿರಿ.